ಬಿಪಿ ಇರುವ ಮನೆಯಲ್ಲಿ ಯಾರು ಏನು ಮಾಡಬೇಕು

ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆಯೇ ಪೆನ್ನಿನಲ್ಲಿ ತಾರೀಖು ಬರೆದಿಡಿ. ಖಾಲಿಯಾದ ದಿನವನ್ನೂ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಅದು 30 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಚಿಲ್ಲರೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ ತಲೆ ಸವರಿದ ಒಂದು ಟೀ ಚಮಚ. ಆ ಲೆಕ್ಕದಲ್ಲಿ ಅದೇ ಪ್ಯಾಕೆಟ್ 50 ದಿನ ಬರಬೇಕು. ನೆಂಟರ ಊಟಕ್ಕೆ ಹೋದದ್ದು, ಮೀನು ತೊಳೆದದ್ದು, ಪಾತ್ರೆಯಲ್ಲಿ ಉಳಿದು ಚೆಲ್ಲಿದ್ದು ಇವನ್ನು ಕಳೆಯಬೇಕಲ್ಲ ಎಂದು ಕೇಳಬಹುದು. ಕಳೆಯಿರಿ, ಆದರೆ ಅಂಗಡಿಯಿಂದ ಬಂದ ಹಪ್ಪಳ, ಉಪ್ಪಿನಕಾಯಿ, ಬೇಕರಿಯ ಖಾರದ ಬನ್ನು ಇವುಗಳ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ. ಅದಕ್ಕೂ ಇದಕ್ಕೂ ಬಹುಪಾಲು ಸರಿಹೋಗುತ್ತದೆ. ಬಿಪಿ ಇರುವವರ ಮನೆಗೆ ಹೋಗುವ ನರ್ಸ್ "ಉಪ್ಪು ಕಮ್ಮಿ ಮಾಡಿದ್ದೀರಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. "ಉಪ್ಪಿನ ಪ್ಯಾಕೆಟ್ ಎಷ್ಟು ದಿನಕ್ಕೊಮ್ಮೆ ತರ್ತೀರಿ?" ಎಂದು ಕೇಳಿದರೆ ನಿಜ ಸ್ಥಿತಿ ಗೊತ್ತಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಬಿಪಿ ಇರುವ ಯಜಮಾನರಿಗೆ ತಿಳಿದಿರುವುದು ಅಪರೂಪ. ತಿಳಿದಿರುವುದು ಅಡುಗೆ ಮಾಡುವವರಿಗೆ, ಇಲ್ಲವೇ ಅಂಗಡಿಗೆ ಹೋಗುವವರಿಗೆ. ಬಿಪಿಯ ಕಥೆಯೆಲ್ಲ ಹೀಗೇ. ಆಸ್ಪತ್ರೆ ಚೀಟಿಯ ಮೇಲೆ ಒಬ್ಬರ ಹೆಸರಿರುತ್ತದೆ. ಸಾರಿಗೆ ಉಪ್ಪು ಹಾಕುವವರು ಇನ್ನೊಬ್ಬರು, ಪೇಟೆಯಿಂದ ಮಾತ್ರೆ ತರುವವರು ಮತ್ತೊಬ್ಬರು, ಮಷೀನಿನ ಅಂಕಿ ಓದಿ ಹೇಳುವುದು ಮೊಮ್ಮಗಳು. ಆದರೂ ಆ ಮನೆಯವರಿಗೆ ಆಸ್ಪತ್ರೆಯಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. "ಉಪ್ಪು ಕಮ್ಮಿ ಮಾಡಿ, ಟೆನ್ಷನ್ ಮಾಡ್ಕೋಬೇಡಿ, ಮಾತ್ರೆ ಬಿಡಬೇಡಿ" ಎಂಬ ಮೂರು ಮಾತು ಕೇಳಿಸಿಕೊಂಡು ಮನೆಗೆ ಬಂದಿರುತ್ತಾರೆ. ಎಷ್ಟು, ಹೇಗೆ, ಯಾರು ಎಂಬುದು ಆ ಮೂರರಲ್ಲೂ ಇಲ್ಲ.

ಮನೆಯವರನ್ನು ಸೇರಿಸಿಕೊಂಡರೆ ಅಂಕಿ ಇಳಿಯುತ್ತದೆಯೇ ಎಂಬುದಕ್ಕೆ ನಮ್ಮ ನೆರೆಹೊರೆಯಲ್ಲೇ ಪುರಾವೆಯಿದೆ. ಕರಾಚಿಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಗಳಿಗೆ ಹೋಗಿ ಇಡೀ ಕುಟುಂಬಕ್ಕೆ ತಿಳಿವಳಿಕೆ ಕೊಡುವ ಪ್ರಯೋಗ ನಡೆಯಿತು; ಅದರ ಫಲಿತಾಂಶ 2009ರಲ್ಲಿ ಬಂತು. ಅದೇ ದಾರಿಯಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಪ್ರದೇಶಗಳಲ್ಲಿ 2,645 ಜನರ ಮೇಲೆ ಎರಡು ವರ್ಷ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕಾರ್ಯಕರ್ತೆಯರು ಮನೆಗೇ ಹೋಗಿ ಬಿಪಿ ನೋಡಿ, ಮಾತಾಡಿ, ಬೇಕಾದವರನ್ನು ತರಬೇತಾದ ಡಾಕ್ಟರ ಬಳಿ ಕಳಿಸಿದ ಕಡೆ ಮೇಲಿನ ಅಂಕಿ (140/90 ಎಂದರೆ ಅದರಲ್ಲಿನ 140) ಉಳಿದ ಕಡೆಗಿಂತ ಸರಾಸರಿ 5 ಪಾಯಿಂಟ್ ಹೆಚ್ಚು ಇಳಿದಿತ್ತು. ಐದೇನು ಮಹಾ ಎನ್ನಿಸಬಹುದು. ಒಂದು ಊರಿನ ಎಲ್ಲರ ಸರಾಸರಿ ಅಷ್ಟು ಇಳಿದರೆ ಲಕ್ವ ಹೊಡೆಯುವವರ ಸಂಖ್ಯೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ನಮ್ಮಲ್ಲಂತೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ, ಹೆಂಗಸರಲ್ಲಿ 21 ಮಂದಿಗೆ ಬಿಪಿ ಇದೆ. ಬಿಪಿ ಇರುವವರು ಒಬ್ಬರೂ ಇಲ್ಲದ ಕೂಡುಕುಟುಂಬ ಹುಡುಕುವುದೇ ಕಷ್ಟ.

ಹಾಗಾಗಿ ನರ್ಸ್ ಮೊದಲ ಭೇಟಿಯಲ್ಲಿ ಮಾಡಬೇಕಾದದ್ದು ಉಪದೇಶವಲ್ಲ, ಕೆಲಸದ ಹಂಚಿಕೆ. ಅಳೆಯುವವರು ಒಬ್ಬರು, ಮಾತ್ರೆ ಡಬ್ಬಿ ತುಂಬುವವರು ಒಬ್ಬರು, ಉಪ್ಪಿನ ಬಟ್ಟಲಿನ ಹೊಣೆ ಒಬ್ಬರದು, ಚೀಟಿ ಮತ್ತು ಬಿಪಿ ಬರೆದಿಡುವ ಅಂಕಿಪುಸ್ತಕದ ಜೊತೆ ಡಾಕ್ಟರ ಬಳಿ ಹೋಗುವವರು ಒಬ್ಬರು. ಬಿಪಿ ಇರುವವರೂ ಇದರಲ್ಲಿ ಒಂದನ್ನು ಹೊರಲೇಬೇಕು, ಸಾಧ್ಯವಾದರೆ ಮಾತ್ರೆಯದ್ದು. ಎಲ್ಲವನ್ನೂ ಸೊಸೆಯ ತಲೆಗೆ ಕಟ್ಟಿದರೆ ಆಕೆ ತವರಿಗೆ ಹೋದ ವಾರವೇ ಎಲ್ಲವೂ ನಿಂತುಹೋಗುತ್ತದೆ.

ಅಳತೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಮನೆಯ ಅಂಕಿ ತಪ್ಪಾದರೆ ಅದನ್ನು ನಂಬಿ ಡಾಕ್ಟರ್ ಏರಿಸುವ ಮಾತ್ರೆಯೂ ತಪ್ಪಾಗುತ್ತದೆ.

ಮಷೀನು ತೋಳಿಗೆ ಪಟ್ಟಿ ಕಟ್ಟುವಂಥದ್ದೇ ಆಗಿರಲಿ. ಮಣಿಕಟ್ಟಿನದು, ಬೆರಳಿನದು, ವಾಚಿನದು ಬೇಡ. ಕೊಳ್ಳುವ ಮುಂಚೆ ದರ್ಜಿಯ ಟೇಪಿನಿಂದ ತೋಳು ಅಳೆಯಿರಿ: ಭುಜದ ಮೂಳೆಗೂ ಮೊಣಕೈಗೂ ನಡುಮಧ್ಯದಲ್ಲಿ ಸುತ್ತಳತೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. 32 ದಾಟಿದರೆ ದೊಡ್ಡ ಪಟ್ಟಿ ಬೇರೆಯಾಗಿ ಕೇಳಿ ತರಿಸಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಮೇಲಿನ ಅಂಕಿ 5ರಿಂದ 20ರವರೆಗೆ ಸುಮ್ಮನೆ ಹೆಚ್ಚು ತೋರಿಸುತ್ತದೆ. ಹೀಗೆ ಪಟ್ಟಿಯ ತಪ್ಪಿಗೆ ಮಾತ್ರೆ ನುಂಗುವವರು ಕಡಿಮೆಯೇನಿಲ್ಲ.

ಕೂರುವ ರೀತಿಯಲ್ಲೂ ಅಂಕಿ ಕೆಡುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರನ್ನು ದಿವಾನದ ಮೇಲೆಯೋ ಮಂಚದ ಅಂಚಿನಲ್ಲೋ ಕೂರಿಸಿ, ಕೈಯನ್ನು ತೊಡೆಯ ಮೇಲೆ ಇಡಿಸಿ, ಒಂದು ಕಡೆ ಟಿವಿ, ಇನ್ನೊಂದು ಕಡೆ "ನಿನ್ನೆ ಎಷ್ಟಿತ್ತು?" ಎಂಬ ಮಾತು ನಡೆಯುತ್ತಿರುವಾಗ ಗುಂಡಿ ಒತ್ತುತ್ತಾರೆ. ಬೆನ್ನಿಗೆ ಆಸರೆಯಿಲ್ಲ, ಕಾಲು ನೆಲಕ್ಕೆ ಮುಟ್ಟಿಲ್ಲ, ಕೈ ಹೃದಯಕ್ಕಿಂತ ಕೆಳಗಿದೆ, ಬಾಯಿ ಮಾತಾಡುತ್ತಿದೆ. ಕಾಲ ಮೇಲೆ ಕಾಲು ಹಾಕಿದರೆ 2ರಿಂದ 8, ಮಾತಾಡಿದರೆ 10ರ ತನಕ, ಮೂತ್ರ ಕಟ್ಟಿಕೊಂಡಿದ್ದರೆ ಇನ್ನೊಂದು 10 ಅಥವಾ ಅದಕ್ಕೂ ಹೆಚ್ಚು. ಎಲ್ಲ ಒಟ್ಟಾದ ದಿನ 128 ಇರುವವರಿಗೆ 150 ಬಂದರೆ ಮಷೀನನ್ನು ಬಯ್ದು ಪ್ರಯೋಜನವಿಲ್ಲ.

ಸರಿಯಾದದ್ದು ಹೀಗೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ ಬಂದ ಮೇಲೆ, ಕಾಫಿ ಮತ್ತು ಮಾತ್ರೆಗೆ ಮುಂಚೆ. ಕಾಫಿ, ಬೀಡಿ, ಹೊಗೆಸೊಪ್ಪು, ವಾಕಿಂಗ್ ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಅರ್ಧ ಗಂಟೆ ಬಿಡಬೇಕು. ಬೆನ್ನು ಒರಗುವ ಕುರ್ಚಿ, ಪಕ್ಕದಲ್ಲಿ ಮೇಜು. ಮೇಜು ಕೆಳಗಾದರೆ ಮೇಲೊಂದು ದಿಂಬು. ಪಟ್ಟಿಯ ನಡುಭಾಗ ಎದೆಯ ಮಧ್ಯದ ಎತ್ತರಕ್ಕೆ ಬರಬೇಕು. ಪಾದ ನೆಲಕ್ಕೆ ಊರಿರಬೇಕು. ಗಿಡ್ಡಗಿರುವ ಅಜ್ಜಿಯಂದಿರಿಗೆ ಕಾಲಡಿ ಮಣೆ ಇಡಿ. ರವಿಕೆಯ ತೋಳನ್ನು ಬಿಗಿಯಾಗಿ ಮೇಲೆ ಸುತ್ತಬಾರದು, ಅದೇ ಇನ್ನೊಂದು ಪಟ್ಟಿಯಾಗುತ್ತದೆ. ಆ ತೋಳನ್ನು ರವಿಕೆಯಿಂದ ಹೊರತೆಗೆಯುವುದೇ ಸರಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಟ್ಯೂಬು ಒಳಗೈಯ ಕಡೆಗೆ ಬರಲಿ, ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಗುಂಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಎರಡನ್ನೂ ಬರೆಯಬೇಕು. ರಾತ್ರಿ ಊಟಕ್ಕೆ ಮುಂಚೆ ಮತ್ತೆ ಇದೇ ರೀತಿ ಎರಡು ಸಲ.

ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಕೈಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಆಸ್ಪತ್ರೆಯ 140/90ಕ್ಕೆ ಮನೆಯಲ್ಲಿ ಸಮನಾದದ್ದು 135/85. ಮನೆಯ ಸರಾಸರಿ ಇದಕ್ಕಿಂತ ಮೇಲಿದ್ದರೆ ಹತೋಟಿಯಲ್ಲಿಲ್ಲ ಎಂದರ್ಥ. ಇನ್ನೂ ಎಷ್ಟು ಇಳಿಯಬೇಕು ಎಂಬ ಗುರಿಯನ್ನು ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ ನೋಡಿ ಡಾಕ್ಟರೇ ಹೇಳಬೇಕು. ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಮೊಟ್ಟಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ತೋರಿಸುವ ತೋಳನ್ನೇ ಮುಂದೆ ಬಳಸಬೇಕು. ಮಷೀನಿನಲ್ಲಿ ಹೃದಯ ಬಡಿತ ತಾಳ ತಪ್ಪಿದ ಗುರುತು ಮತ್ತೆ ಮತ್ತೆ ಬಂದರೆ ಅದನ್ನೂ ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಇಸಿಜಿ ಬೇಕಾಗಬಹುದು. ಮಷೀನನ್ನು ವರ್ಷಕ್ಕೊಮ್ಮೆಯಾದರೂ ಕೈಚೀಲಕ್ಕೆ ಹಾಕಿಕೊಂಡು ಹೋಗಿ ಆಸ್ಪತ್ರೆಯದರ ಜೊತೆ ತಾಳೆ ನೋಡಿ.

ಬರೆಯುವಾಗ ಮನೆಯವರು ಎರಡು ಜಾಣತನ ಮಾಡುತ್ತಾರೆ. ಎರಡರಲ್ಲಿ ಕಡಿಮೆ ಬಂದದ್ದನ್ನಷ್ಟೇ ಬರೆಯುವುದು, ಮತ್ತು 137ನ್ನು 130 ಮಾಡುವುದು. ಅಪ್ಪನಿಗೆ ಗಾಬರಿಯಾಗದಿರಲಿ ಎಂಬ ಪ್ರೀತಿಯಿಂದಲೇ ಮಾಡಿದರೂ ಡಾಕ್ಟರಿಗೆ ಅದು ಸುಳ್ಳು ಲೆಕ್ಕ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೋಗವಿದೆ: ಗಂಟೆಗೊಮ್ಮೆ ಅಳೆಯುವುದು. ಅಂಕಿ ನೋಡಿ ಹೆದರಿಕೆ, ಹೆದರಿ ಇನ್ನಷ್ಟು ಅಂಕಿ. ಹತೋಟಿಗೆ ಬಂದವರಿಗೆ ಡಾಕ್ಟರ ಭೇಟಿಯ ಹಿಂದಿನ ಒಂದು ವಾರದ ಅಳತೆ, ನಡುವೆ ವಾರಕ್ಕೆ ಒಂದೋ ಎರಡೋ ದಿನ ಸಾಕು. ಉಳಿದ ದಿನ ಮಷೀನು ಬೀರುವಿನಲ್ಲಿರಲಿ.

ಮಾತ್ರೆ ಡಬ್ಬಿ

ಮಾತ್ರೆ ಬಿಡುವುದಕ್ಕೆ ಮರೆವು ಒಂದು ಕಾರಣ. ಇನ್ನೊಂದು ಏನೆಂದರೆ "ಬಿಪಿ ನಾರ್ಮಲ್ ಆಯ್ತಲ್ಲ, ಇನ್ನ್ಯಾಕೆ?" ಎಂಬ ತರ್ಕ. ನಾರ್ಮಲ್ ಆಗಿರುವುದೇ ಮಾತ್ರೆಯಿಂದ ಎನ್ನುವುದನ್ನು ಮನೆಯ ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು. ಮಾತ್ರೆ ಬಿಟ್ಟರೂ ಬಹಳ ಜನರಿಗೆ ಒಂದು ವಾರ ಏನೂ ಆದಂತೆ ಕಾಣುವುದಿಲ್ಲ, ತಲೆನೋವೂ ಬರುವುದಿಲ್ಲ. ಮೋಸ ಇರುವುದೇ ಅಲ್ಲಿ. ಬಿಪಿ ಏರಿದ್ದು ಗೊತ್ತೇ ಆಗದೆ ವರ್ಷಗಟ್ಟಲೆ ಕಿಡ್ನಿ, ಕಣ್ಣು, ಹೃದಯಗಳನ್ನು ಸವೆಸುತ್ತದೆ.

ಮೂರನೆಯದು ಅಡ್ಡಪರಿಣಾಮ. ಬಹಳ ಜನ ಅದನ್ನು ಡಾಕ್ಟರಿಗೆ ಹೇಳುವುದಿಲ್ಲ, ಮಾತ್ರೆಯನ್ನೇ ಬಿಡುತ್ತಾರೆ. ಮನೆಯವರು ಗಮನಿಸಬೇಕಾದದ್ದು ಇಲ್ಲಿದೆ. ಆಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಸಂಜೆಯ ಹೊತ್ತಿಗೆ ಪಾದ, ಹರಡು ಊದಿ ಚಪ್ಪಲಿಯ ಪಟ್ಟಿ ಕಚ್ಚಬಹುದು. ಎನಾಲಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಿಗೆ ಕಫವಿಲ್ಲದ ಒಣಕೆಮ್ಮು ಬರಬಹುದು. ತಿಂಗಳುಗಟ್ಟಲೆ ಕಷಾಯ ಕುಡಿದರೂ ಹೋಗದ ಕೆಮ್ಮಿನ ಮೂಲ ಎಷ್ಟೋ ಸಲ ಈ ಮಾತ್ರೆಯೇ. ಎರಡಕ್ಕೂ ಬದಲಿ ಮಾತ್ರೆಗಳಿವೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್‌ನಂಥ ನೀರು ಹೊರಹಾಕುವ ಮಾತ್ರೆಯವರು ಬಸ್ ಪ್ರಯಾಣದ ದಿನ ಅದನ್ನು ನುಂಗುವುದಿಲ್ಲ, ನಡುದಾರಿಯಲ್ಲಿ ಎಲ್ಲಿ ಇಳಿಯುವುದು ಎಂದು, ಹೆಂಗಸರಂತೂ ಖಂಡಿತ. ಊರಿಗೆ ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ಕೇಳಿಟ್ಟುಕೊಂಡರೆ ಆ ದಿನದ ಮಾತ್ರೆ ತಪ್ಪುವುದಿಲ್ಲ. ಅಟೆನೋಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಇವನ್ನು ಮಾತ್ರ ಯಾವ ಕಾರಣಕ್ಕೂ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಬಿಪಿಯೋ ಎದೆಬಡಿತವೋ ಎಗರಿ ಅಪಾಯವಾದೀತು.

ಇನ್ನು ಡಬ್ಬಿ. ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಭಾನುವಾರ ಸಂಜೆ ತುಂಬಿಸಿ, ಮಕ್ಕಳ ಕೈಗೆಟುಕದ ಆದರೆ ಎಲ್ಲರ ಕಣ್ಣಿಗೆ ಬೀಳುವ ಕಡೆ ಇಡಿ. ಮಾತ್ರೆ ತೆಗೆದುಕೊಂಡರೇ ಎಂದು ಬಾಯಿಬಿಟ್ಟು ಕೇಳುವ ಕೆಲಸವಿಲ್ಲ, ಖಾನೆ ನೋಡಿದರಾಯಿತು. ಸ್ಟ್ರಿಪ್ಪಿನಿಂದ ಬಿಚ್ಚಿದರೆ ತೇವಕ್ಕೆ ಕೆಡುವ ಮಾತ್ರೆಗಳೂ ಇವೆ, ಟೆಲ್ಮಿಸಾರ್ಟಾನ್ ಅಂಥದ್ದು. ಅದನ್ನು ಹಾಳೆಯ ಸಮೇತ ಕತ್ತರಿಸಿ ಖಾನೆಗೆ ಹಾಕಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಮರೆಯಬಾರದ ವಿಷಯ. ನುಂಗುವಾಗ ಹಾಳೆ ಬಿಡಿಸಿಯೇ ಕೊಡಬೇಕು ಎಂಬುದನ್ನು ಕಣ್ಣು ಮಂಜಾದವರ ಮನೆಯಲ್ಲಿ ಒತ್ತಿ ಹೇಳಬೇಕು. ಏಳು ಮಾತ್ರೆ ಉಳಿದಾಗಲೇ ಹೊಸದು ತನ್ನಿ, ಕೊನೆಯದು ನುಂಗಿದ ಮೇಲಲ್ಲ.

ಚೀಟಿಯಲ್ಲಿರುವ ಕಂಪನಿ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ಮೊಣಕಾಲು ನೋವಿಗೆಂದು ಇನ್ನೊಂದು ಊರಿನ ಡಾಕ್ಟರ ಬಳಿ ಹೋದಾಗ ಅವರು ಅದೇ ಟೆಲ್ಮಿಸಾರ್ಟಾನನ್ನು ಬೇರೆ ಹೆಸರಿನಲ್ಲಿ ಬರೆದು, ಇವರು ಎರಡನ್ನೂ ನುಂಗಿ ತಲೆಸುತ್ತಿ ಬೀಳುವುದು ಹೊಸದಲ್ಲ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುವಾಗಲೂ ಮೂಲ ಹೆಸರೇ ಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬಹಳ ದಿನ ನಡೆಯಿತು. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಬಂದ ಅಧ್ಯಯನದಲ್ಲಿ ಹೃದಯಾಘಾತ, ಲಕ್ವದ ಮಟ್ಟಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರ್ ಇಂಥ ಹೊತ್ತಿಗೇ ಎಂದು ಹೇಳಿರದಿದ್ದರೆ ತಪ್ಪದೆ ನೆನಪಾಗುವ ಹೊತ್ತೇ ಒಳ್ಳೆಯ ಹೊತ್ತು. ಏಕಾದಶಿಯ ಉಪವಾಸದಲ್ಲಿ ಮಾತ್ರೆಯನ್ನೂ ಬಿಡುವ ಹಿರಿಯರಿಗೆ ವ್ರತಕ್ಕೆ ಕುಂದಿಲ್ಲದಂತೆ ಏನು ಮಾಡಬಹುದೆಂದು ಹಿಂದಿನ ಭೇಟಿಯಲ್ಲೇ ಕೇಳಿಕೊಂಡು ಬನ್ನಿ.

ಬಿಪಿಯನ್ನು ಕಳ್ಳದಾರಿಯಲ್ಲಿ ಏರಿಸುವ ಔಷಧಗಳೂ ಮನೆಯಲ್ಲೇ ಇರುತ್ತವೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್. ಶೀತಕ್ಕೆ ತಂದ, ಫಿನೈಲೆಫ್ರಿನ್ ಇರುವ ಮಾತ್ರೆ. ನೀರಿಗೆ ಹಾಕಿದರೆ ನೊರೆ ಬರುವ ಗ್ಯಾಸಿನ ಪುಡಿ, ಅದರಲ್ಲಿ ಸೋಡಿಯಂ ದಂಡಿಯಾಗಿದೆ. ಕೆಮ್ಮಿಗೆ ಒಳ್ಳೆಯದೆಂದು ದಿನಾ ಬಾಯಲ್ಲಿಟ್ಟುಕೊಳ್ಳುವ ಅತಿಮಧುರದ ಬೇರು ಕೂಡ ಈ ಪಟ್ಟಿಯಲ್ಲಿದೆ: ಅದು ದೇಹದಲ್ಲಿ ಸೋಡಿಯಂ ಉಳಿಸಿ ಪೊಟ್ಯಾಶಿಯಂ ಇಳಿಸುತ್ತದೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಬಿಪಿ ಇಳಿಯದಿದ್ದಾಗ ನರ್ಸ್ ಮೊದಲು ತೆಗೆಸಿ ನೋಡಬೇಕಾದದ್ದು ಮನೆಯ ಔಷಧದ ಡಬ್ಬ.

ಒಂದೇ ಒಲೆ, ಒಂದೇ ಸಾರು

ಬಿಪಿ ಇರುವವರಿಗೆ ಬೇರೆ ಸಪ್ಪೆ ಅಡುಗೆ ಮಾಡುವುದು ನಿಲ್ಲುವ ಪದ್ಧತಿಯಲ್ಲ. ಮಾಡುವವರಿಗೆ ಎರಡು ಪಟ್ಟು ಕೆಲಸ, ಉಣ್ಣುವವರಿಗೆ ಅವಮಾನ, ಹದಿನೈದು ದಿನದಲ್ಲಿ ಎಲ್ಲ ಮೊದಲಿನಂತೆ. ಇಡೀ ಮನೆಯ ಉಪ್ಪನ್ನೇ ಇಳಿಸಬೇಕು. ಚಿಕ್ಕವರಿಗೂ ಅದರಿಂದ ನಷ್ಟವಿಲ್ಲ.

ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ತಲೆ ಸವರಿದ ನಾಲ್ಕು ಟೀ ಚಮಚ. ಹೊರಗಿನ ತಿಂಡಿ, ಉಪ್ಪಿನಕಾಯಿಗೆಂದು ಒಂದನ್ನು ತೆಗೆದಿಡಿ. ಉಳಿದ ಮೂರು ಚಮಚವನ್ನು ಬೆಳಿಗ್ಗೆಯೇ ಒಂದು ಪುಟ್ಟ ಬಟ್ಟಲಿಗೆ ಹಾಕಿ, ಡಬ್ಬಿಯ ಮುಚ್ಚಳ ಹಾಕಿಬಿಡಿ. ತಿಂಡಿ, ಮಧ್ಯಾಹ್ನದ ಅಡುಗೆ, ರಾತ್ರಿಯದು ಎಲ್ಲ ಆ ಬಟ್ಟಲಿನಿಂದಲೇ. ಕೈಯಿಂದ ಉದುರಿಸುವವರಿಗೆ ಇದು ಮೊದಲ ವಾರ ಕಿರಿಕಿರಿ. ಈಗ ದಿನಕ್ಕೆ ಆರು ಚಮಚ ಬಳಸುತ್ತಿದ್ದರೆ ನೇರ ಮೂರಕ್ಕೆ ಇಳಿಸಬೇಡಿ, ಎಲ್ಲರೂ ಎದ್ದು ಹೋಟೆಲಿಗೆ ಹೋಗುತ್ತಾರೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಆಮೇಲೆ ಹೊರಗಿನ ಊಟವೇ ಉಪ್ಪುಪ್ಪು ಅನ್ನಿಸುತ್ತದೆ.

ಯಾವುದರಿಂದ ತೆಗೆಯಬೇಕು ಎನ್ನುವುದಕ್ಕೂ ಒಂದು ಕ್ರಮವಿದೆ. ಗೊತ್ತೇ ಆಗದ ಕಡೆಯಿಂದ ಶುರುಮಾಡಿ: ಅನ್ನಕ್ಕೆ ಹಾಕುವ ಉಪ್ಪು, ಚಪಾತಿ ಮತ್ತು ರೊಟ್ಟಿ ಹಿಟ್ಟಿನದು, ಮುದ್ದೆಯ ಎಸರಿನದು. ಸಾರಿನ ಜೊತೆ ಕಲಸಿ ತಿನ್ನುವುದಕ್ಕೆ ಅವು ಬೇಕಿಲ್ಲ. ಎರಡನೆಯದು ಮೊಸರನ್ನಕ್ಕೆ, ಮಜ್ಜಿಗೆಗೆ ಹಾಕುವುದು. ಶುಂಠಿ, ಕರಿಬೇವು, ಇಂಗು ಇದ್ದರೆ ಉಪ್ಪು ಅರ್ಧಕ್ಕಿಳಿದರೂ ನಡೆಯುತ್ತದೆ. ಮೂರನೆಯದು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಚಟ್ನಿಪುಡಿ. ಇವನ್ನು ದಿನಾ ಇರುವುದರಿಂದ ವಾರಕ್ಕೊಮ್ಮೆಗೆ ತಳ್ಳಿ. ಸಾರು, ಹುಳಿ, ಪಲ್ಯದ್ದು ಕೊನೆಗೆ. ಹುಣಸೆ, ನಿಂಬೆ, ಪುನರ್ಪುಳಿ, ಕಾಳುಮೆಣಸು, ಘಮ್ಮೆನ್ನುವ ಒಗ್ಗರಣೆ ಇದ್ದಲ್ಲಿ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹುಳಿಯಿಲ್ಲದ ಬೇಳೆಯಲ್ಲಿ ತಕ್ಷಣ ಕಾಣುತ್ತದೆ. ಬಾಳೆಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಶಾಸ್ತ್ರ ಮದುವೆಮನೆಯಲ್ಲಿರಲಿ, ಮನೆಯ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಬೇಡ.

"ನಾವು ಸೈಂಧವ ಲವಣ ಹಾಕ್ತೀವಿ, ಅದು ಪರವಾಗಿಲ್ಲ" ಎಂದು ಹೇಳುವ ಮನೆಗಳು ಬಹಳ. ಸೈಂಧವ, ಕಲ್ಲುಪ್ಪು, ಗುಲಾಬಿ ಬಣ್ಣದ್ದು ಎಲ್ಲದರಲ್ಲೂ ಹೆಚ್ಚಿನ ಪಾಲು ಅದೇ ಸೋಡಿಯಂ ಕ್ಲೋರೈಡ್. ಮೇಲಾಗಿ ಅಯೋಡಿನ್ ತಪ್ಪಿಹೋಗಬಹುದು. ಸೋಡಿಯಂ ಕಡಿಮೆಯಿರುವ, ಪೊಟ್ಯಾಶಿಯಂ ಬೆರೆಸಿದ ಉಪ್ಪಿನ ಕಥೆ ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದವರಲ್ಲಿ ಲಕ್ವ ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿ ಒಬ್ಬರಿದ್ದರೂ ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ಬಿಪಿಗೆ ಒಳ್ಳೆಯದೆಂದು ದಿನಾ ಎಳನೀರು ಕುಡಿಸುವವರಿಗೂ ಇದೇ ಮಾತು.

ನಡಿಗೆ, ತೂಕ, ಹೆಂಡ, ತಂಬಾಕಿನ ವಿಚಾರ ಎಲ್ಲರೂ ಕೇಳಿಯೇ ಇರುತ್ತಾರೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾದ ನಡಿಗೆ; ಒಂದು ಕಿಲೋ ತೂಕ ಇಳಿದರೆ ಹೆಚ್ಚುಕಡಿಮೆ ಒಂದು ಪಾಯಿಂಟ್ ಇಳಿಯುತ್ತದೆ. ಜೊತೆಗೊಬ್ಬರು ನಡೆದರೆ ನಡಿಗೆ ನಿಲ್ಲುವುದಿಲ್ಲ, ಹೇಳುವವರಿಗಿಂತ ಜೊತೆಗೆ ಹೊರಡುವವರು ಬೇಕು.

ಪೊಲೀಸರಾಗದೆ

ಆರೈಕೆ ಕೆಡುವುದು ಹೆಚ್ಚಾಗಿ ಇಲ್ಲಿ. "ರೀ, ಮಾತ್ರೆ ತಗೊಂಡ್ರಾ?" ಎಂದು ನೆಂಟರ ಎದುರಿಗೆ ಮೂರು ಸಲ ಕೇಳಿದರೆ ಯಜಮಾನರು ತಗೊಂಡೆ ಎಂದೇ ಹೇಳುತ್ತಾರೆ, ತಗೊಂಡಿರಲಿ ಬಿಡಲಿ. "ಮಾವ, ಉಪ್ಪಿನಕಾಯಿ ಬೇಡ" ಎಂದು ಸೊಸೆ ತಟ್ಟೆಯ ಮುಂದೆ ತಡೆದರೆ ಮಾವ ಮುನಿಸಿಕೊಂಡು ಪಕ್ಕದ ಮನೆಯಲ್ಲಿ ತಿನ್ನುತ್ತಾರೆ. ಉಪ್ಪಿನಕಾಯಿ ಜಾಡಿಯೇ ಊಟದ ಹೊತ್ತಿಗೆ ಮೇಜಿಗೆ ಬರದಿದ್ದರೆ ಆ ಮಾತೇ ಬೇಕಿಲ್ಲ. ಅಂಕಿ ಹೆಚ್ಚು ಬಂದಾಗ "ನಿನ್ನೆ ಬೋಂಡ ತಿಂದಿದ್ದಕ್ಕೇ" ಎಂಬ ಷರಾ ಬೇಡ. ಓದಿ ಹೇಳಿ, ಬರೆದುಕೊಂಡು, ಸುಮ್ಮನಾಗಿ. ವಾರದ ಕೊನೆಗೆ ಅವರನ್ನೇ ಕೇಳಿ: ಈ ವಾರ ಯಾವುದು ಕಷ್ಟ ಆಯ್ತು? ಮಾತ್ರೆಯಾ, ಊಟವಾ, ನಡಿಗೆಯಾ? ಅವರು ಹೇಳಿದ ಒಂದನ್ನೇ ಮುಂದಿನ ವಾರ ಸರಿಮಾಡಲು ನೋಡಿ.

ನರ್ಸ್‌ಗೂ ಇಲ್ಲೊಂದು ಪಾಠವಿದೆ. "ಅರ್ಥ ಆಯ್ತಾ?" ಎಂದು ಕೇಳಬಾರದು. "ಈಗ ನೀವೇ ಒಂದ್ಸಲ ಪಟ್ಟಿ ಕಟ್ಟಿ ತೋರಿಸಿ ಅಮ್ಮಾ" ಎನ್ನಬೇಕು. ಟ್ಯೂಬು ಮೊಣಕೈಯ ಹೊರಗಡೆ ಬಂದದ್ದು, ಪಟ್ಟಿ ಉಲ್ಟಾ ಸುತ್ತಿದ್ದು ಆಗಲೇ ಕಾಣುವುದು. ಒಂದು ಭೇಟಿಗೆ ಒಂದು ಕೆಲಸ ಕಲಿಸಿದರೆ ಸಾಕು. ಅಳತೆ, ಮಾತ್ರೆ, ಉಪ್ಪು ಮೂರನ್ನೂ ಒಂದೇ ದಿನ ಹೇಳಿದರೆ ಮೂರೂ ಉಳಿಯುವುದಿಲ್ಲ.

ಹಿರಿಯರ ವಿಷಯದಲ್ಲಿ ಬಿಪಿ ಇಳಿಯುವುದನ್ನೂ ಕಾಯಬೇಕು. ಮಾತ್ರೆ ಹೊಸದಾಗಿ ಶುರುವಾದಾಗ, ಪ್ರಮಾಣ ಏರಿದಾಗ, ಕೂತಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ಅಳೆಯಿರಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಕುಸಿದರೆ ಡಾಕ್ಟರಿಗೆ ತಿಳಿಸಬೇಕು. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೇ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಕಾಲು ಆಡಿಸಿ, ಹಿಡಿದುಕೊಂಡು ಏಳುವುದನ್ನು ರೂಢಿ ಮಾಡಿಸಿ. ವಾಂತಿ, ಭೇದಿ ಹತ್ತಿದ ದಿನ ಎಂದಿನಂತೆ ನೀರಿನ ಮಾತ್ರೆ, ಟೆಲ್ಮಿಸಾರ್ಟಾನ್ ಕೊಡುತ್ತಾ ಹೋಗದೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನೀರು ಬತ್ತಿದ ದೇಹದಲ್ಲಿ ಅವು ಕಿಡ್ನಿಗೆ ಪೆಟ್ಟು ಕೊಡಬಲ್ಲವು.

ಅಂಕಿ 180/120 ಮುಟ್ಟಿದರೆ ಏನು ಮಾಡಬೇಕೆಂಬುದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ, ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಎದೆನೋವು, ಉಬ್ಬಸ, ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಕತ್ತಲಾಗುವುದು, ಹಿಂದೆಂದೂ ಇರದಂಥ ತಲೆನೋವು, ಮಂಪರು ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಅಂಕಿ ಅಷ್ಟಿಲ್ಲದಿದ್ದರೂ ಈ ಲಕ್ಷಣಗಳಿದ್ದರೆ ಹೊರಡಲೇಬೇಕು. ಲಕ್ವದ ಗುಮಾನಿ ಇದ್ದರೆ ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಕೊನೆಯದಾಗಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು, ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ. ಮಾತ್ರೆ ಡಬ್ಬಿಯನ್ನೂ ಅಂಕಿಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಯಾವ ಲಕ್ಷಣವೂ ಇಲ್ಲದೆ ಅಂಕಿ ಮಾತ್ರ ಹೆಚ್ಚಿದ್ದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಹಾಗೇ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ. ಮನೆಯಲ್ಲಿರುವ ಮಾತ್ರೆಯನ್ನು ಇನ್ನೊಂದು ಎಂದು ಕೊಡುವುದು, ನಾಲಿಗೆಯಡಿ ಮಾತ್ರೆ ಇಡುವ ಹಳೆಯ ಪದ್ಧತಿ ಎರಡೂ ಬೇಡ. ಬಿಪಿ ಒಮ್ಮೆಲೇ ಕುಸಿದರೆ ಮಿದುಳಿಗೆ ರಕ್ತ ಸಾಲದೆ, ತಪ್ಪಿಸಬೇಕೆಂದಿದ್ದ ಲಕ್ವವೇ ಬಂದೀತು.

ಉಳಿದದ್ದು ಪುಸ್ತಕದ ಹಿಂದಿನ ಪುಟಗಳ ವಿಷಯ. ತಂದೆಗೋ ತಾಯಿಗೋ ಬಿಪಿ ಇದ್ದ ಮನೆಯಲ್ಲಿ ಮಕ್ಕಳಿಗೂ ಬರುವ ಸಂಭವ ಹೆಚ್ಚು, ಎಲ್ಲರೂ ಉಣ್ಣುವುದು ಅದೇ ಸಾರು. ಮಷೀನು ಹೊರಗಿರುವ ಆ ಏಳು ದಿನದಲ್ಲಿ 30 ದಾಟಿದ ಪ್ರತಿಯೊಬ್ಬರದೂ ಒಂದೆರಡು ಬಾರಿ ನೋಡಿ. ಹೆಚ್ಚು ಬಂದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ 'ನಮ್ಮ ಕ್ಲಿನಿಕ್‌'ನಲ್ಲೋ ಇನ್ನೊಮ್ಮೆ ಅಳೆಸಿಕೊಳ್ಳಲಿ. ಕೋಲಾರದಿಂದ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಬಂದಾಗ "ನಮಗೇನಿಲ್ಲ, ಅವರದ್ದು ನೋಡಿ" ಎಂದು ಯಜಮಾನರನ್ನು ಮುಂದೆ ತಳ್ಳಬೇಡಿ. ತವರಿಗೆ ಬಂದ ಬಸುರಿ ಮಗಳಿದ್ದರೆ ಅವಳದ್ದೂ ನೋಡಿ: 140/90 ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಹೆರಿಗೆಯಾದ ಮೇಲೂ ಆರು ವಾರ ಈ ಎಚ್ಚರ ಇರಬೇಕು. ಅಪ್ಪನ ಡಬ್ಬಿಯ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಅವಳಿಗೆ ಯಾವ ಕಾರಣಕ್ಕೂ ಕೊಡಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮತ್ತೆ ಇಷ್ಟೂ ದಿನ ಪಟ್ಟಿ ಕಟ್ಟಿ, ಉಪ್ಪು ಅಳೆದು, ಡಬ್ಬಿ ತುಂಬಿದ ಹೆಂಗಸಿನ ಅಂಕಿ ಯಾವ ಪುಟದಲ್ಲೂ ಇರುವುದಿಲ್ಲ. ನರ್ಸ್ ಎದ್ದು ಹೊರಡುವ ಮುಂಚೆ ಪಟ್ಟಿಯನ್ನು ಆಕೆಯ ತೋಳಿಗೂ ಕಟ್ಟಿ, ಐದು ನಿಮಿಷ ಕೂರಿಸಿ ನೋಡಿ, ಅದಕ್ಕೊಂದು ಪುಟ ತೆರೆದು ಹೆಸರು ಬರೆದು ಕೊಡಬೇಕು.